ಕುರ್ಚಿ ಬಾಡಿಗೆ (ಕ್ಷೌರ ಮತ್ತು ಸೌಂದರ್ಯ ವೃತ್ತಿ)

ಕುರ್ಚಿ ಬಾಡಿಗೆ ಎಂಬುದು ಕ್ಷೌರದ ಅಂಗಡಿ, ಸಲೂನ್ ಅಥವಾ ಬ್ಯೂಟಿ ಪಾರ್ಲರಿನ ಮಾಲಕರು ತಮ್ಮ ಅಂಗಡಿಯ ಒಂದು ಕುರ್ಚಿಯನ್ನೋ ಕೋಣೆಯನ್ನೋ ಅದೇ ವೃತ್ತಿಯ ಮತ್ತೊಬ್ಬರಿಗೆ ಹಣ ಪಡೆದು ಬಿಟ್ಟುಕೊಡುವ ವ್ಯವಸ್ಥೆಯಾಗಿದೆ. ಕುರ್ಚಿ ಹಿಡಿದವರು ಸಂಬಳದ ನೌಕರರಾಗಿರುವುದಿಲ್ಲ. ತಮ್ಮ ಗಿರಾಕಿ, ತಮ್ಮ ಉಪಕರಣ, ತಮ್ಮ ಲೆಕ್ಕ ಎಂಬ ನೆಲೆಯಲ್ಲಿ ದುಡಿದು, ಜಾಗ, ಕನ್ನಡಿ, ನೀರು ಹಾಗೂ ವಿದ್ಯುತ್ತಿನ ಬಳಕೆಗಾಗಿ ಮಾಲಕರಿಗೆ ಬಾಡಿಗೆ ಕೊಡುತ್ತಾರೆ. ಸ್ವಂತ ಅಂಗಡಿ ತೆರೆಯಲು ಬೇಕಾದ ಮುಂಗಡ ಹಣವಿಲ್ಲದ, ಆದರೆ ಕೈಯಲ್ಲಿ ಕಸುಬು ಇರುವವರಿಗೆ ಇದು ನೌಕರಿಗೂ ಸ್ವಂತ ಉದ್ಯಮಕ್ಕೂ ನಡುವಿನ ಮೆಟ್ಟಿಲಾಗಿದೆ. ಈ ಲೇಖನವು ಕರ್ನಾಟಕದಲ್ಲಿ, ವಿಶೇಷವಾಗಿ ಬಾಗಲಕೋಟೆ ಜಿಲ್ಲೆಯ ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಪಟ್ಟಣಗಳ ಸನ್ನಿವೇಶದಲ್ಲಿ ಈ ವ್ಯವಸ್ಥೆಯ ಸ್ವರೂಪ, ಹಿನ್ನೆಲೆ ಮತ್ತು ಕಾನೂನಿನ ನೆಲೆಗಳನ್ನು ವಿವರಿಸುತ್ತದೆ.

ಸ್ವರೂಪ

ಒಂದೇ ಅಂಗಡಿಯಲ್ಲಿ ಒಬ್ಬರಿಗಿಂತ ಹೆಚ್ಚು ಜನ ದುಡಿಯುವಾಗ ಅವರ ನಡುವಿನ ಸಂಬಂಧ ಸಾಮಾನ್ಯವಾಗಿ ಮೂರು ಬಗೆಯದು. ಮೊದಲನೆಯದು ಸಂಬಳ. ಎರಡನೆಯದು ಪಾಲು, ಅಂದಂದಿನ ಗಳಿಕೆಯನ್ನು ಮಾಲಕರೂ ಕಾರಿಗರರೂ ಅರ್ಧ-ಅರ್ಧ ಅಥವಾ ಅರವತ್ತು-ನಲವತ್ತು ಎಂದು ಹಂಚಿಕೊಳ್ಳುವ ಕ್ರಮ. ಮೂರನೆಯದೇ ಕುರ್ಚಿ ಬಾಡಿಗೆ. ಇದರಲ್ಲಿ ಗಳಿಕೆ ಎಷ್ಟೇ ಇರಲಿ, ದಿನಕ್ಕೆ, ವಾರಕ್ಕೆ ಅಥವಾ ತಿಂಗಳಿಗೆ ಇಂತಿಷ್ಟು ಎಂದು ಗೊತ್ತುಪಡಿಸಿದ ಮೊತ್ತ ಸಂದಾಯವಾಗುತ್ತದೆ. ವ್ಯವಹಾರದಲ್ಲಿ ಈ ಮೂರರ ಗಡಿ ಅಷ್ಟು ನಿಚ್ಚಳವಲ್ಲ. ಪಾಲಿನ ಮೇಲೆ ದುಡಿಯುವವರೂ ‘ಕುರ್ಚಿ ಹಿಡಿದಿದ್ದೇನೆ’ ಎನ್ನುವುದುಂಟು. ಬಾಡಿಗೆ ಕೊಡುವವರನ್ನು ಮಾಲಕರು ‘ನಮ್ಮ ಅಂಗಡಿಯ ಹುಡುಗ’ ಎಂದು ಪರಿಚಯಿಸುವುದೂ ಉಂಟು.

ಪುರುಷರ ಸಲೂನುಗಳಲ್ಲಿ ಬಾಡಿಗೆಯ ಘಟಕ ಒಂದು ಕುರ್ಚಿ ಮತ್ತು ಅದರ ಮುಂದಿನ ಕನ್ನಡಿ. ಕತ್ತರಿ, ಬಾಚಣಿಗೆ, ಟ್ರಿಮ್ಮರ್ ಮುಂತಾದವು ಕುರ್ಚಿ ಹಿಡಿದವರವೇ ಆಗಿರುತ್ತವೆ. ಮಹಿಳೆಯರ ಪಾರ್ಲರುಗಳಲ್ಲಿ ಹಾಗಲ್ಲ. ಹುಬ್ಬು ತಿದ್ದುವುದು, ಕೂದಲು ಕತ್ತರಿಸುವುದು ಇವು ಕುರ್ಚಿಯ ಮೇಲೆ ಆಗುವ ಕೆಲಸಗಳಾದರೂ ಫೇಷಿಯಲ್, ವ್ಯಾಕ್ಸಿಂಗ್, ಮದುಮಗಳ ಅಲಂಕಾರ ಮೊದಲಾದವಕ್ಕೆ ಮರೆ ಬೇಕು. ಆದ್ದರಿಂದ ಅಲ್ಲಿ ಬಾಡಿಗೆಗೆ ಹೋಗುವುದು ಪರದೆ ಅಥವಾ ಹಲಗೆಯಿಂದ ಬೇರ್ಪಡಿಸಿದ ಒಂದು ಕೋಣೆ. ಕುರ್ಚಿಗೂ ಕೋಣೆಗೂ ಇರುವ ಈ ವ್ಯತ್ಯಾಸ ಸಣ್ಣದಾಗಿ ಕಂಡರೂ ಕಾನೂನಿನ ಕಣ್ಣಿನಲ್ಲಿ ದೊಡ್ಡದು. ಅದನ್ನು ಮುಂದೆ ನೋಡಬಹುದು.

ಪಾಲು ಲಾಭವೋ ಬಾಡಿಗೆ ಲಾಭವೋ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. ಒಬ್ಬರ ತಿಂಗಳ ಗಳಿಕೆ 30,000 ರೂಪಾಯಿ ಎಂದೂ, ಕ್ರೀಮು, ಬಣ್ಣ, ಬ್ಲೇಡುಗಳಂಥ ಸಾಮಗ್ರಿಗೆ 4,000 ರೂಪಾಯಿ ತಗಲುತ್ತದೆ ಎಂದೂ ಇಟ್ಟುಕೊಳ್ಳೋಣ. ಸಾಮಗ್ರಿಯನ್ನು ಮಾಲಕರೇ ಒದಗಿಸುವ ಅರ್ಧ ಪಾಲಿನ ಪದ್ಧತಿಯಲ್ಲಿ ಕೈಗೆ 15,000 ಬರುತ್ತದೆ. ಸಾಮಗ್ರಿ ತಮ್ಮದಾಗಿ, ಕುರ್ಚಿಗೆ 8,000 ರೂಪಾಯಿ ಬಾಡಿಗೆಯಾದರೆ 18,000 ಉಳಿಯುತ್ತದೆ. ಅದೇ ವ್ಯಕ್ತಿಯ ಗಳಿಕೆ ಮಂದ ತಿಂಗಳಲ್ಲಿ 12,000ಕ್ಕೆ ಇಳಿದರೆ ಪಾಲಿನಲ್ಲಿ 6,000 ಸಿಗುತ್ತದೆ. ಬಾಡಿಗೆಯಲ್ಲಾದರೆ ಸಾಮಗ್ರಿಯ 1,600 ಹಾಗೂ ಬಾಡಿಗೆಯ 8,000 ಕಳೆದು 2,400 ಮಾತ್ರ ಉಳಿಯುತ್ತದೆ. ಈ ಲೆಕ್ಕದಲ್ಲಿ ಎರಡೂ ಸಮವಾಗುವುದು ಗಳಿಕೆ ಸುಮಾರು 22,000 ರೂಪಾಯಿ ಇದ್ದಾಗ. ಅಂದರೆ ಪಾಲಿನ ಪದ್ಧತಿಯಲ್ಲಿ ಮಂದ ಕಾಲದ ನಷ್ಟವನ್ನು ಇಬ್ಬರೂ ಹೊರುತ್ತಾರೆ. ಬಾಡಿಗೆಯಲ್ಲಿ ಅದನ್ನು ಕುರ್ಚಿ ಹಿಡಿದವರೇ ಹೊರುತ್ತಾರೆ. ಒಳ್ಳೆಯ ತಿಂಗಳ ಲೆಕ್ಕವನ್ನಷ್ಟೇ ನೋಡಿ ಬಾಡಿಗೆ ಒಪ್ಪಿಕೊಳ್ಳುವುದು ಈ ವೃತ್ತಿಗೆ ಹೊಸದಾಗಿ ಬಂದವರು ಮಾಡುವ ಸಾಮಾನ್ಯ ತಪ್ಪು.

ಉತ್ತರ ಕರ್ನಾಟಕದಲ್ಲಿ ಮಂದ ತಿಂಗಳುಗಳು ಆಕಸ್ಮಿಕವಲ್ಲ, ಪಂಚಾಂಗದಲ್ಲೇ ಇವೆ. ಆಷಾಢದಲ್ಲಿ ಮದುವೆಗಳು ನಡೆಯುವುದಿಲ್ಲವಾದ್ದರಿಂದ ಮದುಮಗಳ ಅಲಂಕಾರವನ್ನೇ ನೆಚ್ಚಿದವರಿಗೆ ಕೆಲಸವಿರುವುದಿಲ್ಲ. ಶ್ರಾವಣದಲ್ಲಿ ಅನೇಕ ಗಂಡಸರು ವ್ರತವಾಗಿ ಕೂದಲು ಗಡ್ಡ ತೆಗೆಸುವುದಿಲ್ಲ. ಬಾಡಿಗೆ ಮಾತ್ರ ಎರಡೂ ತಿಂಗಳಲ್ಲಿ ಓಡುತ್ತಿರುತ್ತದೆ.

ಹಿನ್ನೆಲೆ

ಕುರ್ಚಿಗೆ ಬಾಡಿಗೆ ಎಂಬ ಕಲ್ಪನೆ ಪಟ್ಟಣದ್ದು ಮತ್ತು ಈಚಿನದು. ಹಳ್ಳಿಗಳಲ್ಲಿ ಕ್ಷೌರಿಕರು ಆಯಗಾರರಲ್ಲಿ ಒಬ್ಬರಾಗಿದ್ದರು. ವರ್ಷವಿಡೀ ಮನೆಮನೆಗೆ ಹೋಗಿ ಮಾಡಿದ ಕ್ಷೌರಕ್ಕೂ, ಜವಳ, ಮದುವೆ, ಸಾವುಗಳ ಸಂದರ್ಭದ ಸೇವೆಗೂ ಪ್ರತಿಯಾಗಿ ಸುಗ್ಗಿಯಲ್ಲಿ ರೈತರ ಕಣದಿಂದ ಧಾನ್ಯ ಪಡೆಯುತ್ತಿದ್ದರು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದಲ್ಲಿ ಇದಕ್ಕೆ ಮರಾಠಿ ಬಳಕೆಯ ‘ಬಲುತೆ’ ಎಂಬ ಹೆಸರೂ ಇತ್ತು. ಜಾಗಕ್ಕೆ ಬಾಡಿಗೆಯ ಪ್ರಶ್ನೆ ಅಲ್ಲಿ ಏಳುತ್ತಿರಲಿಲ್ಲ. ಗಿಡದ ನೆರಳು, ಗಿರಾಕಿಯ ಮನೆಯ ಕಟ್ಟೆ ಇವೇ ಅಂಗಡಿ. ಆದರೆ ಬೆಲೆ ಕೇಳುವ ಸ್ವಾತಂತ್ರ್ಯವೂ, ಗಿರಾಕಿಯನ್ನು ಬಿಡುವ ಸ್ವಾತಂತ್ರ್ಯವೂ ಕ್ಷೌರಿಕರಿಗೆ ಇರಲಿಲ್ಲ. ಊರಿನ ಜಾತಿ ಕಟ್ಟಳೆಯ ಪ್ರಕಾರ ದಲಿತರಿಗೆ ಕ್ಷೌರ ನಿರಾಕರಿಸುವ ಅನ್ಯಾಯವೂ ಇದೇ ವ್ಯವಸ್ಥೆಯ ಭಾಗವಾಗಿತ್ತು. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ಇಂಥ ಸೇವೆಯನ್ನು ನಿರಾಕರಿಸುವುದು ಅಪರಾಧ. ಈ ನಿಯಮ ಅಂಗಡಿಯ ಮಾಲಕರಿಗೆ ಅನ್ವಯಿಸುವಂತೆ ಕುರ್ಚಿ ಹಿಡಿದವರಿಗೂ ಅನ್ವಯಿಸುತ್ತದೆ. ‘ಅಂಗಡಿ ನನ್ನದಲ್ಲ’ ಎಂಬುದು ಉತ್ತರವಾಗುವುದಿಲ್ಲ.

ಉತ್ತರ ಕರ್ನಾಟಕದಲ್ಲಿ ಕ್ಷೌರಿಕ ಸಮುದಾಯದ ಬಹುಭಾಗ ಹಡಪದ ಎಂಬ ಹೆಸರಿನಿಂದ ಗುರುತಿಸಿಕೊಳ್ಳುತ್ತದೆ. ಹಡಪ ಎಂದರೆ ಎಲೆ ಅಡಿಕೆಯ ಚೀಲ. ಕ್ಷೌರಿಕರ ಸಲಕರಣೆಯ ಚೀಲಕ್ಕೂ ಅದೇ ಹೆಸರಿದೆ. ಹನ್ನೆರಡನೆಯ ಶತಮಾನದ ಶರಣ ಹಡಪದ ಅಪ್ಪಣ್ಣ ಬಸವಣ್ಣನವರ ಆಪ್ತರಾಗಿದ್ದವರು. ಅವರ ಪತ್ನಿ ಲಿಂಗಮ್ಮನವರೂ ವಚನಕಾರ್ತಿ. ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮ ಹುನಗುಂದ ತಾಲ್ಲೂಕಿನಲ್ಲಿದೆ. ಅಪ್ಪಣ್ಣನವರ ಹೆಸರಿನ ಪೀಠ ನೆರೆಯ ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿದೆ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ಸಾರಿದ ನೆಲದಲ್ಲೇ ಈ ಕಸುಬಿನ ಹೆಸರು ಬಹುಕಾಲ ಬೈಗುಳವಾಗಿ ಬಳಕೆಯಾದದ್ದು ವಿಪರ್ಯಾಸ. ಪಟ್ಟಣದ ಅಂಗಡಿ ಈ ಅವಮಾನದಿಂದ ಸ್ವಲ್ಪ ಬಿಡುಗಡೆ ಕೊಟ್ಟಿತು. ಅಲ್ಲಿ ಗಿರಾಕಿಯೇ ಕ್ಷೌರಿಕರ ಬಳಿಗೆ ಬರುತ್ತಾನೆ, ಗೋಡೆಗೆ ಬರೆದ ದರ ಕೊಡುತ್ತಾನೆ. ಆದರೆ ಅಂಗಡಿ ಎಂದ ಮೇಲೆ ಜಾಗ ಬೇಕಾಯಿತು, ಜಾಗಕ್ಕೆ ಬಾಡಿಗೆ ಬಂತು.

ಮಹಿಳೆಯರ ಬ್ಯೂಟಿ ಪಾರ್ಲರುಗಳ ಹಾದಿ ಬೇರೆ. ಅವು ಒಂದು ಸಮುದಾಯದ ಕುಲಕಸುಬಾಗಿ ಬಂದವಲ್ಲ. ಅಲ್ಪಾವಧಿಯ ತರಬೇತಿ ಪಡೆದ ಎಲ್ಲ ಸಮುದಾಯಗಳ ಹೆಣ್ಣುಮಕ್ಕಳು ಇದರಲ್ಲಿದ್ದಾರೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯಲ್ಲಿ ಮುಂದೆ ಜಿಲ್ಲೆಗೊಂದರಂತೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಬಂದವು. ಅವುಗಳ ಉಚಿತ ತರಬೇತಿಗಳಲ್ಲಿ ಬ್ಯೂಟಿ ಪಾರ್ಲರ್ ನಿರ್ವಹಣೆಯೂ ಒಂದು. ತರಬೇತಿ ಮುಗಿಸಿದವರೆಲ್ಲರೂ ಮರುದಿನವೇ ಅಂಗಡಿ ಹಾಕಲಾರರು. ಮನೆಯ ಒಂದು ಕೋಣೆ ಅಥವಾ ಬೇರೆಯವರ ಪಾರ್ಲರಿನ ಒಂದು ಕೋಣೆ, ಇವೆರಡೇ ಅವರ ಮುಂದಿರುವ ದಾರಿ.

ಬಾಗಲಕೋಟೆ ಜಿಲ್ಲೆಯ ಪಟ್ಟಣಗಳು

ವಿಜಯಪುರ ಜಿಲ್ಲೆಯಿಂದ ಬೇರ್ಪಟ್ಟು 1997ರ ಆಗಸ್ಟ್ 15ರಂದು ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಪಟ್ಟಣದ ತಗ್ಗು ಭಾಗಗಳು ಒಳಗಾದ್ದರಿಂದ ಸೆಕ್ಟರುಗಳಾಗಿ ವಿಂಗಡಿಸಿದ ನವನಗರವನ್ನು ನಿರ್ಮಿಸಲಾಯಿತು. ಕ್ಷೌರ ಮತ್ತು ಅಲಂಕಾರದ ವೃತ್ತಿ ಓಣಿಯ ಪರಿಚಯದ ಮೇಲೆ ನಿಂತದ್ದು. ಓಣಿಯೇ ಚದುರಿದಾಗ ಅಂಗಡಿಯ ಕಟ್ಟಡಕ್ಕೆ ಪರಿಹಾರ ಸಿಗಬಹುದು, ಇಪ್ಪತ್ತು ವರ್ಷದ ಗಿರಾಕಿಗಳಿಗೆ ಸಿಗುವುದಿಲ್ಲ. ಜಿಲ್ಲಾ ಕಚೇರಿಗಳು, ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಕಾಲೇಜುಗಳು ಇರುವ ಈ ನಗರದಲ್ಲಿ ವಿದ್ಯಾರ್ಥಿಗಳೂ ನೌಕರರೂ ವರ್ಷವಿಡೀ ಇರುವ ಗಿರಾಕಿಗಳು. ಕಾಲೇಜಿನ ರಜೆಯಲ್ಲಿ ಮಾತ್ರ ಅವರ ಸಂಖ್ಯೆ ಇಳಿಯುತ್ತದೆ.

ಬಾದಾಮಿಯ ಲೆಕ್ಕವೇ ಬೇರೆ. ಗುಹಾಂತರ ದೇವಾಲಯಗಳಿಗೂ, 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಸಮೀಪದ ಪಟ್ಟದಕಲ್ಲಿಗೂ ಬರುವ ಪ್ರವಾಸಿಗರಲ್ಲಿ ಸಲೂನಿಗೆ ಹೋಗುವವರು ಕಡಿಮೆ. ಆದರೆ ಪುಷ್ಯ ಮಾಸದ ಬನಶಂಕರಿ ಜಾತ್ರೆಯ ಹೊತ್ತಿಗೆ ಬಂಧುಗಳು ಊರಿಗೆ ಬರುತ್ತಾರೆ, ವೃತ್ತಿ ನಾಟಕ ಕಂಪನಿಗಳು ಡೇರೆ ಹಾಕುತ್ತವೆ. ಇಂಥ ಊರಿನಲ್ಲಿ ತಿಂಗಳ ಬಾಡಿಗೆಗಿಂತ ದಿನದ ಬಾಡಿಗೆಯೇ ಇಬ್ಬರಿಗೂ ಹಿತ. ತಾಲ್ಲೂಕು ಕೇಂದ್ರವಾದ ಹುನಗುಂದದಲ್ಲಿ ಸುತ್ತಲಿನ ಹಳ್ಳಿಗಳ ಮದುವೆಗಳೇ ಮುಖ್ಯ. ಮದುಮಗಳ ಅಲಂಕಾರ ನಡೆಯುವುದು ಹೆಚ್ಚಾಗಿ ಮದುವೆಮನೆ ಅಥವಾ ಕಲ್ಯಾಣ ಮಂಟಪದಲ್ಲಿ. ಆಗ ಪಾರ್ಲರಿನ ಕೋಣೆ ಗಿರಾಕಿ ಮಾತಾಡಿಸುವ, ಮುಂಗಡ ಪಡೆಯುವ ವಿಳಾಸ ಮಾತ್ರವಾಗುತ್ತದೆ. ಹೊರಗೆ ಹೋಗಿ ಮಾಡಿದ ಕೆಲಸದಲ್ಲೂ ಮಾಲಕರಿಗೆ ಪಾಲಿದೆಯೇ ಎಂಬ ಜಗಳ ಹುಟ್ಟುವುದು ಇಲ್ಲಿಯೇ.

ಇಳಕಲ್ ಸೀರೆಗೂ ಕೆಂಪು ಗ್ರಾನೈಟಿಗೂ ಹೆಸರಾದ ಪಟ್ಟಣ. ಹುನಗುಂದ ತಾಲ್ಲೂಕಿನ ಭಾಗವಾಗಿದ್ದ ಇದು ಈಗ ಪ್ರತ್ಯೇಕ ತಾಲ್ಲೂಕು. ಕುರ್ಚಿ ಬಾಡಿಗೆಯ ಒಳಗುಟ್ಟು ಇಲ್ಲಿಯ ಜನಕ್ಕೆ ಬೇಗ ಅರ್ಥವಾಗುತ್ತದೆ, ಏಕೆಂದರೆ ನೇಕಾರಿಕೆಯಲ್ಲಿ ಅದೇ ಪ್ರಶ್ನೆ ತಲೆಮಾರುಗಳಿಂದ ಇದೆ. ಸ್ವಂತ ಮಗ್ಗ, ಸ್ವಂತ ನೂಲು ಹಾಕಿ ನೇಯುವವರಿದ್ದಾರೆ. ಮಗ್ಗ ತಮ್ಮದಾದರೂ ಮಾಲಕರ ನೂಲಿನಲ್ಲಿ ಮಜೂರಿಗೆ ನೇಯುವವರಿದ್ದಾರೆ. ಮಾಲಕರ ಮಗ್ಗದಲ್ಲೇ ಕೂತು ನೇಯುವವರೂ ಇದ್ದಾರೆ. ಮೂವರನ್ನೂ ‘ನೇಕಾರ’ ಎಂದೇ ಕರೆಯಲಾಗುತ್ತದೆ. ಸೀರೆಯ ಬೆಲೆ ಯಾರು ಕಟ್ಟುತ್ತಾರೆ ಎಂದು ಕೇಳಿದಾಗ ಮಾತ್ರ ಸ್ವತಂತ್ರರು ಯಾರು ಎಂಬುದು ತಿಳಿಯುತ್ತದೆ.

ಕಾನೂನಿನ ದೃಷ್ಟಿ

ಕುರ್ಚಿ ಬಾಡಿಗೆಗೆಂದೇ ಮಾಡಿದ ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. ಎರಡು ಪ್ರಶ್ನೆಗಳನ್ನು ಸಾಮಾನ್ಯ ಕಾನೂನಿನಿಂದಲೇ ಬಿಡಿಸಬೇಕಾಗುತ್ತದೆ. ಒಂದು, ಕುರ್ಚಿ ಹಿಡಿದವರಿಗೆ ಆ ಜಾಗದ ಮೇಲೆ ಯಾವ ಹಕ್ಕಿದೆ? ಇನ್ನೊಂದು, ಅವರು ನಿಜವಾಗಿಯೂ ಸ್ವತಂತ್ರರೋ ಅಥವಾ ಮಾಲಕರ ನೌಕರರೋ?

ಮೊದಲ ಪ್ರಶ್ನೆಗೆ 1882ರ ಎರಡು ಕಾಯ್ದೆಗಳು ಆಧಾರ. ಸ್ವತ್ತು ವರ್ಗಾವಣೆ ಕಾಯ್ದೆಯ 105ನೆಯ ಕಲಮು ಗುತ್ತಿಗೆಯನ್ನು ವಿವರಿಸುತ್ತದೆ. ಅದರಲ್ಲಿ ಜಾಗವನ್ನು ಅನುಭವಿಸುವ ಹಕ್ಕೇ ಬಾಡಿಗೆದಾರರಿಗೆ ವರ್ಗವಾಗುತ್ತದೆ. ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆಯ 52ನೆಯ ಕಲಮು ಲೈಸೆನ್ಸನ್ನು ವಿವರಿಸುತ್ತದೆ. ಅದು ಇನ್ನೊಬ್ಬರ ಜಾಗದಲ್ಲಿ ಒಂದು ಕೆಲಸ ಮಾಡಲು ಸಿಕ್ಕ ಅನುಮತಿ ಮಾತ್ರ. ಜನಬಳಕೆಯಲ್ಲಿ ‘ಲೀಸ್’ ಎಂದರೆ ದೊಡ್ಡ ಮೊತ್ತ ಠೇವಣಿಯಿಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುವುದು ಎಂಬ ಅರ್ಥವಿರುವುದರಿಂದ ಇಲ್ಲಿ ಗೊಂದಲವಾಗುವುದುಂಟು. ಕಾನೂನಿನ ಅರ್ಥ ಅದಲ್ಲ.

ಗುತ್ತಿಗೆ ಮತ್ತು ಲೈಸೆನ್ಸಿನ ವ್ಯತ್ಯಾಸದ ಬಗ್ಗೆ ಭಾರತದಲ್ಲಿ ಅತಿ ಹೆಚ್ಚು ಉಲ್ಲೇಖವಾಗುವ ತೀರ್ಪು ಹುಟ್ಟಿದ್ದು ಒಂದು ಕೇಶಾಲಂಕಾರದ ಅಂಗಡಿಯಿಂದಲೇ. ನವದೆಹಲಿಯ ಇಂಪೀರಿಯಲ್ ಹೋಟೆಲಿನ ಮಹಿಳೆಯರ ಹಾಗೂ ಪುರುಷರ ಕ್ಲೋಕ್ ರೂಮುಗಳ ಒಳಗಿನ ಜಾಗವನ್ನು ಆರ್.ಎನ್. ಕಪೂರ್ ಎಂಬವರು 1949ರ ಒಪ್ಪಂದದ ಮೇಲೆ ಪಡೆದು ಅಲ್ಲಿ ಕೇಶಾಲಂಕಾರದ ವ್ಯವಹಾರ ನಡೆಸುತ್ತಿದ್ದರು. ಪತ್ರದಲ್ಲಿ ಅದನ್ನು ಲೈಸೆನ್ಸ್ ಎಂದೇ ಕರೆಯಲಾಗಿತ್ತು. ‘ಅಸೋಸಿಯೇಟೆಡ್ ಹೋಟೆಲ್ಸ್ ಆಫ್ ಇಂಡಿಯಾ’ ಪ್ರಕರಣ ಎಂದು ಪ್ರಸಿದ್ಧವಾದ ಈ ವ್ಯಾಜ್ಯದ 1959ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರು ಪತ್ರದ ಹೆಸರಿಗಿಂತ ಅದರ ತಿರುಳು ಮುಖ್ಯವೆಂದೂ, ಪಕ್ಷಗಾರರ ನಿಜವಾದ ಉದ್ದೇಶವೇನೆಂದು ನೋಡಬೇಕೆಂದೂ, ಜಾಗದ ಪ್ರತ್ಯೇಕ ಸ್ವಾಧೀನ ಯಾರಲ್ಲಿತ್ತು ಎಂಬುದು ಮಹತ್ವದ ಗುರುತೆಂದೂ ವಿವರಿಸಿ, ಅದನ್ನು ಗುತ್ತಿಗೆ ಎಂದೇ ಕಂಡರು.

ಈ ಒರೆಗಲ್ಲನ್ನು ಸಣ್ಣ ಪಟ್ಟಣದ ಅಂಗಡಿಗೆ ಹಚ್ಚಿ ನೋಡಿದರೆ ಹೀಗಾಗುತ್ತದೆ. ಬೆಳಿಗ್ಗೆ ಮಾಲಕರು ಬೀಗ ತೆಗೆದು, ರಾತ್ರಿ ಅವರೇ ಮುಚ್ಚುವ ಅಂಗಡಿಯ ಮೂರು ಕುರ್ಚಿಗಳಲ್ಲಿ ಒಂದನ್ನು ಹಿಡಿದವರಿಗೆ ಇರುವುದು ಬಹುಪಾಲು ಲೈಸೆನ್ಸ್ ಮಾತ್ರ. ಪಾರ್ಲರಿನೊಳಗೆ ತನ್ನದೇ ಬೀಗವಿರುವ, ಬೇರಾರೂ ಬಳಸದ ಕೋಣೆಯನ್ನು ಪಡೆದ ಮಹಿಳೆಯ ಸ್ಥಿತಿ ಗುತ್ತಿಗೆಗೆ ಹತ್ತಿರವಾಗುತ್ತದೆ. ಪರಿಣಾಮ ತಿಳಿಯುವುದು ಬಿಡಿಸುವಾಗ. ತಿಂಗಳ ಗುತ್ತಿಗೆಯನ್ನು ಕೊನೆಗೊಳಿಸಲು, ಬೇರೆ ಕರಾರಿಲ್ಲದಿದ್ದರೆ, 15 ದಿನಗಳ ನೋಟೀಸು ಬೇಕು. ಲೈಸೆನ್ಸನ್ನು ಸಾಮಾನ್ಯವಾಗಿ ಯಾವಾಗ ಬೇಕಾದರೂ ಹಿಂಪಡೆಯಬಹುದು. ಹಾಗೆಂದು ಲೈಸೆನ್ಸುದಾರರು ಪೂರ್ತಿ ಅಸಹಾಯಕರಲ್ಲ. ಹಿಂಪಡೆದ ಮೇಲೂ ಜಾಗ ಬಿಡಲು ಮತ್ತು ತಮ್ಮ ವಸ್ತುಗಳನ್ನು ಒಯ್ಯಲು ಸಮಂಜಸ ಕಾಲಾವಕಾಶ ಪಡೆಯುವ ಹಕ್ಕು 63ನೆಯ ಕಲಮಿನಲ್ಲಿದೆ. ಹಣ ಕೊಟ್ಟು ಪಡೆದ ಲೈಸೆನ್ಸನ್ನು ಪೂರ್ತಿ ಅನುಭವಿಸುವ ಮೊದಲೇ, ತಮ್ಮ ತಪ್ಪಿಲ್ಲದೆ ಹೊರಹಾಕಿದರೆ ಪರಿಹಾರ ಕೇಳುವ ಹಕ್ಕು 64ನೆಯ ಕಲಮಿನಲ್ಲಿದೆ.

ಎರಡನೆಯ ಪ್ರಶ್ನೆಗೆ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣದ 1973ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ದಾರಿದೀಪ. ಅಲ್ಲಿ ದರ್ಜಿಗಳು ಹೊಲಿದ ಬಟ್ಟೆಯ ಲೆಕ್ಕಕ್ಕೆ ಹಣ ಪಡೆಯುತ್ತಿದ್ದರು. ಬರುವ ಹೋಗುವ ಹೊತ್ತಿಗೆ ಕಟ್ಟುನಿಟ್ಟಿರಲಿಲ್ಲ. ಕೆಲವೊಮ್ಮೆ ಬಟ್ಟೆಯನ್ನು ಮನೆಗೂ ಒಯ್ಯುತ್ತಿದ್ದರು. ಆದರೂ ಅವರು ದುಡಿಯುತ್ತಿದ್ದುದು ಅಂಗಡಿಯ ಜಾಗದಲ್ಲಿ, ಅಂಗಡಿಯ ಯಂತ್ರಗಳ ಮೇಲೆ. ಕೆಲಸ ಸರಿಯಿಲ್ಲವೆಂದು ತಿರಸ್ಕರಿಸುವ ಅಧಿಕಾರ ಮಾಲಕರಿಗಿತ್ತು. ಅವರು ನೌಕರರೇ ಎಂದು ನ್ಯಾಯಾಲಯ ಹೇಳಿತು. ಇದೇ ತರ್ಕದಲ್ಲಿ, ಕ್ಷೌರದ ದರವನ್ನು ಮಾಲಕರೇ ಗೊತ್ತುಪಡಿಸಿ, ಹಣವನ್ನು ಅವರ ಗಲ್ಲೆಯಲ್ಲೇ ಸಂಗ್ರಹಿಸಿ, ಬರುವ ವೇಳೆಯನ್ನೂ ರಜೆಯನ್ನೂ ಅವರೇ ತೀರ್ಮಾನಿಸಿ, ಗಿರಾಕಿಗಳನ್ನು ಅವರೇ ಹಂಚುತ್ತಿದ್ದರೆ, ಕಾಗದದಲ್ಲಿ ‘ಕುರ್ಚಿ ಬಾಡಿಗೆ’ ಎಂದು ಬರೆದ ಮಾತ್ರಕ್ಕೆ ಆ ವ್ಯಕ್ತಿ ಸ್ವತಂತ್ರ ವೃತ್ತಿಪರನಾಗುವುದಿಲ್ಲ. ಅಂಥವರಿಗೆ ರಜೆ, ಕೆಲಸದ ಅವಧಿ ಮುಂತಾದವುಗಳಲ್ಲಿ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ರಕ್ಷಣೆ ಕೇಳಲು ಅವಕಾಶವಿದೆ. ಬಾಡಿಗೆಯ ಹೊರೆಯೂ ತಮ್ಮದು, ಮಾಲಕರ ಅಪ್ಪಣೆಯೂ ತಮ್ಮ ಮೇಲೆ ಎಂಬ ಸ್ಥಿತಿಯೇ ಈ ವ್ಯವಸ್ಥೆಯ ಅತಿ ಕೆಟ್ಟ ರೂಪ.

ಒಪ್ಪಂದ

ಬಹುತೇಕ ಕುರ್ಚಿ ಬಾಡಿಗೆಗಳು ಬಾಯಿಮಾತಿನ ಮೇಲೆ ನಡೆಯುತ್ತವೆ. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ, ಆದರೆ ಸಾಬೀತುಪಡಿಸುವುದು ಕಷ್ಟ. ಬರೆದುಕೊಳ್ಳುವವರು ಸಾಮಾನ್ಯವಾಗಿ 11 ತಿಂಗಳ ಅವಧಿಯನ್ನು ಆರಿಸುತ್ತಾರೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ಕಡ್ಡಾಯವಾಗಿ ನೋಂದಾಯಿಸಬೇಕಾಗುವುದೇ ಇದಕ್ಕೆ ಕಾರಣ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಅಂಗಡಿಯ ಮಾಲಕರ ಸ್ವಂತ ಹಕ್ಕನ್ನು. ಅವರೇ ಬಾಡಿಗೆದಾರರಾಗಿದ್ದು, ಮೂಲ ಕರಾರಿನಲ್ಲಿ ಒಳಬಾಡಿಗೆಗೆ ನಿಷೇಧವಿದ್ದರೆ, ಕುರ್ಚಿ ಹಿಡಿದವರ ಸ್ಥಾನ ಅಲ್ಲಿಗೇ ಅಲುಗಾಡುತ್ತದೆ. ನಗರಸಭೆ, ಪುರಸಭೆಗಳು ಹರಾಜಿನಲ್ಲಿ ಕೊಟ್ಟ ಮಳಿಗೆಗಳ ವಿಷಯದಲ್ಲಿ ಇದನ್ನು ವಿಶೇಷವಾಗಿ ವಿಚಾರಿಸಬೇಕು. ನಂತರ ಬರುವುದು ಹಣದ ಮಾತು. ಬಾಡಿಗೆಯಲ್ಲಿ ವಿದ್ಯುತ್, ನೀರು, ಟವೆಲ್ ತೊಳೆಯುವ ಖರ್ಚು ಸೇರಿದೆಯೇ, ಮುಂಗಡವನ್ನು ಯಾವಾಗ ಹಿಂದಿರುಗಿಸಬೇಕು, ಮದುವೆಮನೆಯ ಕೆಲಸಕ್ಕೆ ಪಾಲು ಇದೆಯೇ, ಆಷಾಢ-ಶ್ರಾವಣಗಳಲ್ಲಿ ಬಾಡಿಗೆ ಇಳಿಯುತ್ತದೆಯೇ ಎಂಬುವನ್ನು ಆರಂಭದಲ್ಲೇ ಬರೆದಿಟ್ಟರೆ ಮುಂದಿನ ಮನಸ್ತಾಪ ಅರ್ಧ ಕಡಿಮೆಯಾಗುತ್ತದೆ. ಉಪಕರಣಗಳ ಪಟ್ಟಿಗೆ ಇಬ್ಬರ ಸಹಿ ಇರುವುದು ಒಳ್ಳೆಯದು. ಕೋಣೆಗೆ ಸಿಂಕ್, ಹಲಗೆಯ ಗೋಡೆ ಮುಂತಾದವನ್ನು ಸ್ವಂತ ಹಣದಿಂದ ಹಾಕಿಸಿದವರು, ಬಿಡುವಾಗ ಅವುಗಳ ಗತಿಯೇನೆಂದು ಮೊದಲೇ ಬರೆಸಿಕೊಳ್ಳಬೇಕು.

ಗಿರಾಕಿಗಳು ಯಾರಿಗೆ ಸೇರಿದವರು ಎಂಬುದು ಇನ್ನೊಂದು ನಾಜೂಕಿನ ವಿಷಯ. ಕುರ್ಚಿ ಬಿಟ್ಟವರು ಅದೇ ಬೀದಿಯಲ್ಲಿ ಅಂಗಡಿ ಹಾಕಬಾರದೆಂಬ ಷರತ್ತನ್ನು ಕೆಲವರು ಸೇರಿಸುತ್ತಾರೆ. ಒಪ್ಪಂದ ಮುಗಿದ ನಂತರ ವೃತ್ತಿ ನಡೆಸುವುದನ್ನು ತಡೆಯುವ ಷರತ್ತು ಸಾಮಾನ್ಯವಾಗಿ ಅಸಿಂಧು ಎಂಬುದು 1872ರ ಭಾರತೀಯ ಕರಾರು ಕಾಯ್ದೆಯ 27ನೆಯ ಕಲಮಿನ ತಾತ್ಪರ್ಯ.

2020ರ ಲಾಕ್‌ಡೌನ್ ಮತ್ತೊಂದು ಷರತ್ತಿನ ಅಗತ್ಯವನ್ನು ತೋರಿಸಿತು. ಮಾರ್ಚ್ ಕೊನೆಯಲ್ಲಿ ಮುಚ್ಚಿದ ಸಲೂನುಗಳು ಕರ್ನಾಟಕದಲ್ಲಿ ಮತ್ತೆ ತೆರೆದದ್ದು ಮೇ 19ರಂದು. ಮುಚ್ಚಿದ್ದ ಕಾಲದ ಬಾಡಿಗೆ ಕೊಡಬೇಕೇ ಎಂಬ ಪ್ರಶ್ನೆ ದೆಹಲಿಯ ಖಾನ್ ಮಾರ್ಕೆಟಿನ ಒಂದು ಅಂಗಡಿಯ ಸಂಬಂಧವಾಗಿ ದೆಹಲಿ ಉಚ್ಚ ನ್ಯಾಯಾಲಯದ ಮುಂದೆ ಬಂದಾಗ, ಕರಾರಿನಲ್ಲಿ ಏನು ಬರೆದಿದೆ ಎಂಬುದೇ ನಿರ್ಣಾಯಕ, ಲಾಕ್‌ಡೌನ್ ಆದ ಮಾತ್ರಕ್ಕೆ ಬಾಡಿಗೆ ತಾನಾಗಿ ನಿಲ್ಲುವುದಿಲ್ಲ ಎಂಬ ನಿಲುವನ್ನು ಅದು ತಳೆಯಿತು. ಸರ್ಕಾರದ ಆಜ್ಞೆಯಿಂದಲೋ ಕಟ್ಟಡದ ದುರಸ್ತಿಯಿಂದಲೋ ಅಂಗಡಿ ಮುಚ್ಚಿದ ದಿನಗಳಿಗೆ ಬಾಡಿಗೆ ಇಲ್ಲ ಎಂಬ ಒಂದು ಸಾಲು ಒಪ್ಪಂದದಲ್ಲಿದ್ದರೆ ಈ ತೊಡಕು ಇರುವುದಿಲ್ಲ.

ಪರವಾನಗಿ ಮತ್ತು ತೆರಿಗೆ

ಅಂಗಡಿಗೆ ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ ಬೇಕು; ಬಾಗಲಕೋಟೆ ಮತ್ತು ಇಳಕಲ್‌ಗಳಲ್ಲಿ ನಗರಸಭೆ, ಬಾದಾಮಿ ಮತ್ತು ಹುನಗುಂದಗಳಲ್ಲಿ ಪುರಸಭೆ ಇದನ್ನು ಕೊಡುತ್ತವೆ. ಜೊತೆಗೆ ಕಾರ್ಮಿಕ ಇಲಾಖೆಯಲ್ಲಿ ಅಂಗಡಿಯ ನೋಂದಣಿ. ಇವೆರಡೂ ಮಾಲಕರ ಹೆಸರಿನಲ್ಲಿರುತ್ತವೆ. ಕುರ್ಚಿ ಹಿಡಿದವರು ತಮ್ಮ ಹೆಸರಿನಲ್ಲಿ ಪಡೆಯಬಹುದಾದ ಸುಲಭದ ದಾಖಲೆ ಉದ್ಯಮ್ ನೋಂದಣಿ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಇದು ಉಚಿತವಾದದ್ದು, ಆಧಾರ್ ಸಂಖ್ಯೆಯ ಮೇಲೆ ಆನ್‌ಲೈನಿನಲ್ಲೇ ಆಗುವಂಥದ್ದು.

ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಅಗತ್ಯ. ಕುರ್ಚಿ ಹಿಡಿದ ಒಬ್ಬರ ಗಳಿಕೆ ಈ ಮಿತಿಯನ್ನು ಮುಟ್ಟುವುದು ಅಪರೂಪ. ಆದರೆ ಎಲ್ಲ ಗಿರಾಕಿಗಳ ಹಣವೂ ಮಾಲಕರ ಒಂದೇ ಕ್ಯೂಆರ್ ಕೋಡಿನ ಮೂಲಕ ಅವರ ಖಾತೆಗೆ ಹೋಗುತ್ತಿದ್ದರೆ ಅದು ಅವರ ವಹಿವಾಟಾಗಿಯೇ ಕಾಣುತ್ತದೆ. ಬೇರೆ ಬೇರೆ ಕ್ಯೂಆರ್ ಕೋಡ್ ಇಡುವುದು ಮಾಲಕರ ತೆರಿಗೆ ಲೆಕ್ಕಕ್ಕೂ, ಕುರ್ಚಿ ಹಿಡಿದವರ ಸ್ವತಂತ್ರ ಗಳಿಕೆಯ ದಾಖಲೆಗೂ ಒಳ್ಳೆಯದು. ಮುಂದೆ ಬ್ಯಾಂಕಿನಲ್ಲಿ ಸಾಲ ಕೇಳುವಾಗ ಈ ದಾಖಲೆಯೇ ಆಧಾರ. ಸಲೂನ್ ಮತ್ತು ಸೌಂದರ್ಯ ಸೇವೆಗಳ ಮೇಲಿದ್ದ 18 ಶೇಕಡಾ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿಸಲಾಗಿದೆ. ಸಾಮಗ್ರಿಯ ಮೇಲೆ ಕೊಟ್ಟ ತೆರಿಗೆಯ ಹುಟ್ಟುವಳಿಯನ್ನು ಇದರಲ್ಲಿ ಪಡೆಯುವಂತಿಲ್ಲ.

ಇತರ ದೇಶಗಳಲ್ಲಿ

ಅಮೆರಿಕದಲ್ಲಿ ‘ಬೂತ್ ರೆಂಟಲ್’ ಎಂಬ ಹೆಸರಿನಲ್ಲಿ ಈ ಪದ್ಧತಿ ವ್ಯಾಪಕವಾಗಿದೆ. ಆದರೆ ಪೆನ್ಸಿಲ್ವೇನಿಯಾ ರಾಜ್ಯದ ಸೌಂದರ್ಯ ವೃತ್ತಿಯ ಕಾನೂನು ಇದನ್ನು ನಿಷೇಧಿಸಿದ್ದು ಗಮನಾರ್ಹ. ಬ್ರಿಟನ್ನಿನಲ್ಲಿ ಕುರ್ಚಿ ಬಾಡಿಗೆಯನ್ನು ಕೇವಲ ಜಾಗದ ಬಾಡಿಗೆ ಎಂದು ಪರಿಗಣಿಸದೆ, ಅದರ ಮೇಲೆ ಪೂರ್ಣ ದರದ ಮೌಲ್ಯವರ್ಧಿತ ತೆರಿಗೆ ವಿಧಿಸಲಾಗುತ್ತದೆ. ಜರ್ಮನಿಯಲ್ಲಿ ‘ಷ್ಟೂಲ್‌ಮೀಟೆ’ ಎಂಬ ಪದವೇ ಇದೆ. ಅದರ ಅರ್ಥ ಅಕ್ಷರಶಃ ಕುರ್ಚಿ ಬಾಡಿಗೆ. ಸಾಮಾಜಿಕ ವಿಮೆಯ ವಂತಿಗೆ ತಪ್ಪಿಸಲು ನೌಕರರನ್ನೇ ಸ್ವತಂತ್ರರೆಂದು ತೋರಿಸಲಾಗಿದೆಯೇ ಎಂದು ಅಲ್ಲಿಯ ಅಧಿಕಾರಿಗಳು ಪರಿಶೀಲಿಸುತ್ತಾರೆ.

ಸಾಮಾಜಿಕ ಭದ್ರತೆ

ಕುರ್ಚಿ ಹಿಡಿದವರಿಗೆ ಭವಿಷ್ಯ ನಿಧಿಯಿಲ್ಲ, ರಾಜ್ಯ ವಿಮೆಯಿಲ್ಲ, ಹೆರಿಗೆ ರಜೆಯಿಲ್ಲ. ದಿನವಿಡೀ ನಿಂತು ಮಾಡುವ ಕೆಲಸದಿಂದ ಬರುವ ಕಾಲುನೋವು, ಬೆನ್ನುನೋವು, ರಾಸಾಯನಿಕಗಳಿಂದ ಕೈಗೆ ಆಗುವ ತುರಿಕೆ ಇವುಗಳ ಖರ್ಚು ಅವರದೇ. ಅವರು ಅಸಂಘಟಿತ ಕಾರ್ಮಿಕರ ವ್ಯಾಖ್ಯೆಯೊಳಗೆ ಬರುತ್ತಾರೆ. 2021ರ ಆಗಸ್ಟ್ 26ರಂದು ಆರಂಭವಾದ ಇ-ಶ್ರಮ್ ಪೋರ್ಟಲಿನಲ್ಲಿ 16ರಿಂದ 59 ವರ್ಷದೊಳಗಿನ, ಆದಾಯ ತೆರಿಗೆ ಪಾವತಿಸದ, ಭವಿಷ್ಯ ನಿಧಿ ಮತ್ತು ಇಎಸ್‌ಐ ಸದಸ್ಯರಲ್ಲದ ದುಡಿಮೆಗಾರರು ನೋಂದಾಯಿಸಿಕೊಳ್ಳಬಹುದು. ರಾಜ್ಯದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ‘ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ’ ಯೋಜನೆಯಲ್ಲಿ ಕ್ಷೌರಿಕರು ಒಂದು ವರ್ಗವಾಗಿದ್ದಾರೆ. ಮೊಬೈಲ್ ಆ್ಯಪ್‌ಗಳ ಮೂಲಕ ಮನೆಮನೆಗೆ ಹೋಗಿ ಸೌಂದರ್ಯ ಸೇವೆ ಕೊಡುವವರಿಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆಯನ್ನು ತಂದಿದೆ. ಆ್ಯಪಿನ ನೆರವಿಲ್ಲದೆ ಕುರ್ಚಿ ಹಿಡಿದವರು ಅದರ ವ್ಯಾಪ್ತಿಗೆ ಬರುವುದಿಲ್ಲ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಸೇರಿದೆ. ತರಬೇತಿಯ ಕಾಲದಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿಯವರೆಗಿನ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದ ಬಳಿಕ 2 ಲಕ್ಷ ರೂಪಾಯಿಯ ಸಾಲ ಇದರಲ್ಲಿವೆ. ಸೌಂದರ್ಯ ತಜ್ಞೆ ಎಂಬ ವೃತ್ತಿ ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿಲ್ಲ. ಪಾರ್ಲರಿನ ಮಹಿಳೆಯರಿಗೆ 2015ರ ಮುದ್ರಾ ಯೋಜನೆಯೇ ಹತ್ತಿರದ್ದು. ಅದರ ‘ಶಿಶು’ ವರ್ಗದಲ್ಲಿ 50,000 ರೂಪಾಯಿಯವರೆಗೆ ಸಾಲ ದೊರೆಯುತ್ತದೆ.

ಇಂಥ ನೆರವುಗಳೆಲ್ಲ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತವೆ: ಈ ವ್ಯಕ್ತಿ ಈ ವೃತ್ತಿಯಲ್ಲಿದ್ದಾರೆ ಎಂಬುದಕ್ಕೆ ದಾಖಲೆ ಏನು? 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುಮಾರು 2,30,000 ಕ್ಷೌರಿಕರಿಗೆ ಮತ್ತು 60,000 ಅಗಸರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿ, ಸೇವಾ ಸಿಂಧು ಪೋರ್ಟಲಿನ ಮೂಲಕ ಅರ್ಜಿ ಕರೆಯಿತು. ಅಂಗಡಿಯ ಮಾಲಕರ ಬಳಿ ತಮ್ಮ ವೃತ್ತಿಯನ್ನು ತೋರಿಸುವ ಪರವಾನಗಿಯಿರುತ್ತದೆ. ಅದೇ ಅಂಗಡಿಯ ಎರಡನೆಯ ಕುರ್ಚಿಯಲ್ಲಿ ಹತ್ತು ವರ್ಷ ದುಡಿದವರ ಹೆಸರು ಆ ಕಾಗದದಲ್ಲಿ ಎಲ್ಲಿಯೂ ಇರುವುದಿಲ್ಲ. ತಿಂಗಳ ಬಾಡಿಗೆಗೆ ಪಡೆದ ರಸೀದಿ, ಸ್ವಂತ ಖಾತೆಗೆ ಬಂದ ಹಣದ ವಿವರ, ಉದ್ಯಮ್ ಪ್ರಮಾಣಪತ್ರ, ಇ-ಶ್ರಮ್ ಕಾರ್ಡು ಇವುಗಳಲ್ಲಿ ಯಾವುದಾದರೂ ಒಂದನ್ನು ಮೊದಲೇ ಮಾಡಿಸಿಟ್ಟುಕೊಂಡವರಿಗೆ ಅಂಥ ಹೊತ್ತಿನಲ್ಲಿ ಮಾಲಕರ ಪತ್ರಕ್ಕಾಗಿ ಕಾಯುವ ಪ್ರಸಂಗ ಕಡಿಮೆಯಾಗುತ್ತದೆ.